ಪಾಠ ಮುಗಿದ ಮೇಲಿನ ಪಾಠ

ಮಗ್ಗದ ಮುಂದೆ ನಿಲ್ಲುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯಲ್ಲಿ ದೋಷ ಕಂಡರೆ ಅವನು ಮಗ್ಗ ನಿಲ್ಲಿಸುತ್ತಾನೆ. ಹಾಸಿನ ಎಳೆ ಕಡಿದಿದೆಯೋ, ಲಾಳಿ ಸರಿಯಾಗಿ ಓಡುತ್ತಿಲ್ಲವೋ, ತನ್ನ ಕೈಯೇ ತಪ್ಪಿತೋ ಎಂದು ನೋಡುತ್ತಾನೆ. ನೂಲನ್ನು ಬೈದು ಸುಮ್ಮನಾಗುವುದಿಲ್ಲ. ಅಂಗಡಿಕಾರನೂ ಬಾಗಿಲು ಹಾಕುವ ಮೊದಲು ಕಿರ್ದಿ ತೆರೆದು ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುತ್ತಾನೆ. ಆದರೆ ನಮ್ಮ ಮಕ್ಕಳಿಗೆ ಪಾಠ ತಲೆಗೆ ಹತ್ತದಿದ್ದಾಗ ಮಾತ್ರ ಶಾಲೆಯಿಂದ ಕೇಳಿಬರುವ ತೀರ್ಪು ಒಂದೇ: “ಹುಡುಗ ದಡ್ಡ.”

ನಾವೂ ಕೆಲಕಾಲ ಸೀಮೆಸುಣ್ಣ ಹಿಡಿದವರೇ. ಆ ಮಾತನ್ನು ಆಡಿದವರೇ. ಮೊದಲ ವರ್ಷ ಭಿನ್ನರಾಶಿ ಕಲಿಸುತ್ತಿದ್ದಾಗ, ಮೂರರಲ್ಲೊಂದಕ್ಕಿಂತ ನಾಲ್ಕರಲ್ಲೊಂದು ದೊಡ್ಡದೆಂದು ಕಿರಾಣಿ ಅಂಗಡಿಯವರ ಹುಡುಗನೊಬ್ಬ ಹೇಳಿದ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ನಾವು ಗದರಿಸಿ ಕೂರಿಸಿದೆವು. ರಾತ್ರಿ ಹೊಳೆಯಿತು: ಕಾಲು, ಅರ್ಧ, ಮುಕ್ಕಾಲು ಕಿಲೋವನ್ನು ತಕ್ಕಡಿಯಲ್ಲಿ ತಪ್ಪದೆ ತೂಗುವ ಹುಡುಗ ಅವನು. ಆ ತಿಳುವಳಿಕೆಯನ್ನು ಹಲಗೆಯ ಮೇಲಿನ ಅಂಕಿಗೆ ಜೋಡಿಸಿಕೊಡಲಾರದೆ ಹೋದವರು ನಾವು. ಮರುದಿನ ಎರಡು ಉಂಡೆ ಬೆಲ್ಲ ತಂದು ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಅವನ ಕೈಯಿಂದಲೇ ಹಂಚಿಸಿದೆವು. “ಪಾಲುಗಾರರು ಹೆಚ್ಚಿದರೆ ಪಾಲು ಸಣ್ಣದು ಸಾರ್” ಎಂದವನೂ ಅವನೇ. (ಬೆಲ್ಲ ಉಳಿಯಲಿಲ್ಲವೆಂಬುದನ್ನು ಬೇರೆ ಹೇಳಬೇಕೆ?)

ಹೀಗೆ ತನ್ನ ಕೆಲಸವನ್ನು ತಾನೇ ತಿರುಗಿ ನೋಡುವುದು ಹೊಸ ಮಾತಲ್ಲ. ಸಂದೇಹ ಬಂದಾಗ ಆತುರದ ತೀರ್ಮಾನಕ್ಕೆ ಬೀಳದೆ ಆಧಾರ ಹುಡುಕಬೇಕೆಂದು ಅಮೆರಿಕೆಯ ಜಾನ್ ಡ್ಯೂಯಿ 1910ರಲ್ಲಿಯೇ ಬರೆದ. ನುರಿತ ಕಸುಬುದಾರ ಕೆಲಸದ ನಡುವೆಯೂ ಕೆಲಸ ಮುಗಿದ ಮೇಲೂ ಯೋಚಿಸುತ್ತಾನೆಂದು 1983ರಲ್ಲಿ ಡೊನಾಲ್ಡ್ ಶೋನ್ ವಿವರಿಸಿದ. ನಮ್ಮಲ್ಲಿ 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಇದನ್ನು ಒಪ್ಪಿತು. 2014ರ ನಿಯಮಗಳು ಬಿ.ಎಡ್. ಅವಧಿಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿ, ಶಾಲೆಯಲ್ಲಿ ಕಳೆಯಲು 20 ವಾರ ಗೊತ್ತುಮಾಡಿದವು. ಕಾಗದದ ಮೇಲೆ ಕೊರತೆಯೇನಿಲ್ಲ.

ಕೊರತೆಯಿರುವುದು ದಿನಚರಿಯಲ್ಲಿ. ತರಬೇತಿಯ ವಿದ್ಯಾರ್ಥಿ ಅದರಲ್ಲಿ ಬರೆಯುವುದೇನು? “ಪಾಠ ಯಶಸ್ವಿಯಾಯಿತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು.” ಮರುದಿನವೂ ಅದೇ. ಅವನನ್ನು ದೂರಿ ಫಲವಿಲ್ಲ. ದಿನಚರಿ ಓದುವವರೇ ಅಂಕ ಹಾಕುವವರು. ಸೋತೆನೆಂದು ಬರೆದರೆ ಅಂಕಕ್ಕೆ ಕುತ್ತು. ತಪ್ಪು ಒಪ್ಪಿಕೊಂಡವನ ಕೂಲಿ ಕತ್ತರಿಸುವ ಗಿರಣಿಯಲ್ಲಿ ದೋಷ ತೋರಿಸಲು ಯಾರು ಮುಂದೆ ಬಂದಾರು?

ಇನ್ನೊಂದು ಎಚ್ಚರವೂ ಬೇಕು. ಎಪ್ಪತ್ತು ಮಕ್ಕಳನ್ನು ಒಂದೇ ಕೋಣೆಗೆ ತುಂಬಿ, ಶಿಕ್ಷಕನಿಗೆ ಮಾತ್ರ “ನಿನ್ನ ತಪ್ಪು ನೀನೇ ನೋಡಿಕೋ” ಎನ್ನುವುದು ಆಳುವವರು ತಮ್ಮ ತಪ್ಪನ್ನು ಮುಚ್ಚಿಡುವ ಉಪಾಯ. ಕೋಣೆಯ ಕೊರತೆಯನ್ನೂ ಅವನು ದಿನಚರಿಯಲ್ಲಿ ನಿರ್ಭಯವಾಗಿ ಬರೆಯುವಂತಿರಬೇಕು.

ಆದ್ದರಿಂದ ನಮ್ಮ ಒತ್ತಾಯವಿಷ್ಟು: ದಿನಚರಿಗೆ ಅಂಕ ಬೇಡ. ವಾರಕ್ಕೊಂದು ಗಂಟೆ, ಅದೇ ಶಾಲೆಯ ಅನುಭವಿ ಶಿಕ್ಷಕರೊಬ್ಬರ ಜೊತೆ ಕುಳಿತು, ಯಾವ ಮಗುವಿಗೆ ಯಾವ ಪಾಠ ಹತ್ತಲಿಲ್ಲ, ಏಕೆ ಹತ್ತಲಿಲ್ಲ ಎಂದು ಮಾತನಾಡಲು ವೇಳಾಪಟ್ಟಿಯಲ್ಲಿಯೇ ಜಾಗವಿರಲಿ. ಓದುಗ ಬಂಧುಗಳು ಮುಂದಿನ ಎಸ್‌ಡಿಎಂಸಿ ಸಭೆಗೆ ಪಾಳಿ ಬದಲಿಸಿಕೊಂಡಾದರೂ ಹೋಗಿ, “ನಮ್ಮ ಹುಡುಗನಿಗೆ ಎಲ್ಲಿ ತಪ್ಪುತ್ತಿದೆ?” ಎಂದು ಕೇಳಲಿ. ದಡ್ಡ ಎಂಬ ಉತ್ತರ ಬಂದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ.