ಹಳೆಯ ಕಾರಿನ ಟೈಮಿಂಗ್ ಗೇರ್ ಕೆಡುವುದೇ ಇಲ್ಲವೇ? ಅರ್ಧ ಸತ್ಯದ ಪೂರ್ತಿ ಕಥೆ

“ಹಳೆಯ ಕಾರುಗಳಲ್ಲಿ ಕಬ್ಬಿಣದ ಗೇರ್ ಇತ್ತು, ಎಷ್ಟು ವರ್ಷವಾದರೂ ಕೆಡುತ್ತಿರಲಿಲ್ಲ. ಈಗ ಟೈಮಿಂಗ್ ಬೆಲ್ಟ್ ಬದಲಿಸಿ ಅನ್ನುವುದೆಲ್ಲ ದುಡ್ಡು ಮಾಡುವ ದಾರಿ.” ಇಂಥ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿದರೆ ನಿಮ್ಮ ಕಾರಿನ ಎಂಜಿನ್‌ಗೇ ಕುತ್ತು ಬರಬಹುದು. ಯಾಕೆ ಎಂದು ನೋಡೋಣ.

ಟೈಮಿಂಗ್ ಗೇರ್ ಮಾಡುವ ಕೆಲಸವೇನು?

ಪಿಸ್ಟನ್‌ಗಳು ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುತ್ತವೆ. ವಾಲ್ವ್‌ಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಹಾಕಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಜೋಡಿಸುವುದು ಗೇರ್, ಚೈನ್ ಅಥವಾ ಬೆಲ್ಟ್.

ಆ ಗೇರ್ ಕಬ್ಬಿಣದ್ದೇ ಆಗಿತ್ತೇ?

ಎಲ್ಲ ಕಾರುಗಳಲ್ಲೂ ಅಲ್ಲ. 1927ರ ಕೊನೆಗೆ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರನ್ನೇ ನೋಡಿ. ಅದರ ಕ್ರ್ಯಾಂಕ್ ಗೇರ್ ಉಕ್ಕಿನದು, ಕ್ಯಾಮ್ ಗೇರ್ ಮಾತ್ರ ಫೈಬರ್‌ನದು. ಉಕ್ಕಿಗೆ ಉಕ್ಕು ತಾಗಿ ತಿರುಗಿದರೆ ಕಿರುಗುಟ್ಟುವ ಸದ್ದು ಹೆಚ್ಚು. ಫೈಬರ್ ಹಲ್ಲು ಸದ್ದಿಲ್ಲದೆ ತಿರುಗುತ್ತದೆ.

ಆದರೆ ವರ್ಷಗಳು ಕಳೆದಂತೆ ಫೈಬರ್ ಹಲ್ಲುಗಳು ಸವೆದು ಕಿತ್ತುಹೋಗುತ್ತವೆ. ಆಗ ಓಡುತ್ತಿರುವ ಕಾರು ಥಟ್ಟನೆ ನಿಂತುಬಿಡುತ್ತದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ಇಗ್ನಿಷನ್ ಆಫ್ ಮಾಡಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಹ್ಯಾಂಡಲ್‌ನಿಂದ ಎಂಜಿನ್ ತಿರುಗಿಸಬೇಕು. ಒಳಗಿನ ರೋಟರ್ ಅಲ್ಲಾಡದಿದ್ದರೆ ಮೊದಲ ಅನುಮಾನ ಟೈಮಿಂಗ್ ಗೇರ್ ಮೇಲೆಯೇ.

ಹೊಸ ಗೇರ್ ಹಾಕಿದರೆ ಮುಗಿಯಿತೇ? ಇಲ್ಲ. ಕಿತ್ತುಬಂದ ಚೂರುಗಳು ಆಯಿಲ್ ಪ್ಯಾನ್‌ಗೆ ಬಿದ್ದಿರುತ್ತವೆ, ಅದನ್ನೂ ಬಿಚ್ಚಿ ತೊಳೆಯಬೇಕು. ಎರಡೂ ಗೇರ್‌ಗಳ ಗುರುತು ಸರಿಯಾಗಿ ಕೂಡಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಸರಿಯಾಗಿ ಓಡದು. ಈಗ ಹಲವರು ಅಲ್ಯೂಮಿನಿಯಂ ಗೇರ್ ಹಾಕಿಸುತ್ತಾರೆ. ಬಾಳಿಕೆ ಹೆಚ್ಚು, ಸದ್ದೂ ಸ್ವಲ್ಪ ಹೆಚ್ಚು.

ಹಾಗಾದರೆ ಹಳೆಯ ಎಂಜಿನ್ ಗಟ್ಟಿ ಎನ್ನುವುದೇಕೆ?

ಇಲ್ಲೇ ಆ ಅರ್ಧ ಸತ್ಯ ಇರುವುದು. ಮಾಡೆಲ್ ಎ ಎಂಜಿನ್‌ನಲ್ಲಿ ವಾಲ್ವ್‌ಗಳು ಪಿಸ್ಟನ್‌ನ ಮೇಲಿಲ್ಲ, ಪಕ್ಕದಲ್ಲಿವೆ. ಗೇರ್ ಹಲ್ಲು ಮುರಿದರೂ ಪಿಸ್ಟನ್ ಬಂದು ವಾಲ್ವ್‌ಗೆ ಗುದ್ದುವುದಿಲ್ಲ. ಎಂಜಿನ್ ಉಳಿದದ್ದು ಗೇರ್ ಗಟ್ಟಿಯಿದ್ದದ್ದರಿಂದಲ್ಲ, ಒಳಗಿನ ವಿನ್ಯಾಸದಿಂದ.

ಇಂದಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ನ ನೇರ ಮೇಲಿರುತ್ತವೆ. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಎರಡೂ ಒಂದಕ್ಕೊಂದು ಬಡಿದು ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೂ ಹಾಳಾಗುತ್ತದೆ. ಆಗಿನ ರಿಪೇರಿ ಖರ್ಚಿನ ಮುಂದೆ ಬೆಲ್ಟ್ ಬದಲಿಸುವ ಖರ್ಚು ಏನೇನೂ ಅಲ್ಲ.

ನೀವೇನು ಮಾಡಬೇಕು?

ನಿಮ್ಮ ಕಾರಿನಲ್ಲಿರುವುದು ಬೆಲ್ಟೋ ಚೈನೋ ಎಂದು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಬೆಲ್ಟ್ ಆಗಿದ್ದರೆ, ಅಲ್ಲಿ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗಲೇ ಬದಲಿಸಿ. ಹಳೆಯ ಕಾರುಗಳನ್ನು ಮೆಚ್ಚೋಣ, ತಪ್ಪಿಲ್ಲ. ಆ ಮೆಚ್ಚುಗೆಯ ಫಾರ್ವರ್ಡ್ ನೋಡಿ ಬೆಲ್ಟ್ ಬದಲಿಸುವುದನ್ನು ಮಾತ್ರ ಮುಂದೂಡಬೇಡಿ.