ಹಾಜರಿ ಪುಸ್ತಕವೇ ನಮ್ಮ ಪಟ್ಟಾ

ಮದುಕ್ಕರೈ ಸುತ್ತಮುತ್ತಲಿನ ಕನ್ನಡದ ತಮ್ಮಂದಿರೇ, ತಂಗಿಯರೇ, ಒಂದು ಸಣ್ಣ ಪ್ರಶ್ನೆ. ನಿಮ್ಮ ಊರಿನ ಪಂಚಾಯತ್ ಯೂನಿಯನ್ ಸ್ಕೂಲಿನಲ್ಲಿ ಈ ವರ್ಷ ಎಷ್ಟು ಮಕ್ಕಳಿದ್ದಾರೆ? ಎಷ್ಟು ಮಂದಿ ಮೇಷ್ಟ್ರು? ಆ ಮಕ್ಕಳಲ್ಲಿ ಮನೇಲಿ ಕನ್ನಡ ಮಾತಾಡೋರು ಎಷ್ಟು ಮಂದಿ?

ನವೆಂಬರ್ 1 ಬಂತು ಅಂದ್ರೆ ಬಾವುಟದ ಡಿಪಿ ಹಾಕೋದ್ರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಆದ್ರೆ ಈ ಮೂರು ಪ್ರಶ್ನೆಗೆ ತಟ್ಟನೆ ಉತ್ತರ ಕೊಡೋರು ನಮ್ಮಲ್ಲಿ ಎಷ್ಟು ಜನ? ಭಾಷೆಯ ಹಕ್ಕು, ಸಂವಿಧಾನದ ರಕ್ಷಣೆ ಅಂತ ದೊಡ್ಡ ಮಾತು ಆಡ್ತೀವಿ. ಆ ಹಕ್ಕು ಮಗುವಿನ ಕೈಗೆ ಬರೋ ದಾರಿ ಮಾತ್ರ ಸ್ಕೂಲಿನ ಹಾಜರಿ ಪುಸ್ತಕದ ಮೂಲಕವೇ ಹೋಗುತ್ತೆ. ಜಮೀನಿಗೆ ಪಟ್ಟಾ ಇದ್ದ ಹಾಗೆ ಭಾಷೆಗೆ ಹಾಜರಿ ಪುಸ್ತಕ. ಅದರಲ್ಲಿ ಹೆಸರಿಲ್ಲ ಅಂದ್ರೆ ಕೇಳೋಕೆ ನಮ್ಮ ಹತ್ರ ಆಧಾರವೇ ಇಲ್ಲ.

ಸ್ಕೂಲು ಯಾರದ್ದು?

ಮಾವುತ್ತಂಪತಿ, ಪಿಚ್ಚನೂರು, ಪಾಲತ್ತುರೈ, ಸೀರಪಾಳಯಂ ಇಂಥ ಊರುಗಳಲ್ಲಿರೋ ಯೂನಿಯನ್ ಸ್ಕೂಲುಗಳಿಗೆ ಇಬ್ಬರು ಯಜಮಾನರು. ಕಟ್ಟಡ, ಕಾಂಪೌಂಡು, ನೀರಿನ ತೊಟ್ಟಿ ಪಂಚಾಯತ್ ಯೂನಿಯನ್ನಿನ ಲೆಕ್ಕ. ಮೇಷ್ಟ್ರ ಸಂಬಳ, ವರ್ಗಾವಣೆ, ಪಾಠದ ಮೇಲ್ವಿಚಾರಣೆ ರಾಜ್ಯದ ಶಿಕ್ಷಣ ಇಲಾಖೆಯ ಲೆಕ್ಕ. ಯೂನಿಯನ್ ಸ್ಕೂಲಿನ ಮೇಷ್ಟ್ರುಗಳು 1981ರಿಂದ ಸರ್ಕಾರಿ ನೌಕರರು. ಹಾಗಾಗಿ ಓಡು ಒಡೆದ್ರೆ ಬಿ.ಡಿ.ಓ. ಆಫೀಸು, ಮೇಷ್ಟ್ರು ಇಲ್ಲ ಅಂದ್ರೆ ಬಿ.ಇ.ಓ. ಆಫೀಸು. ಯಾರ ಹತ್ರ ಏನು ಕೇಳಬೇಕು ಅಂತ ಗೊತ್ತಿಲ್ಲದೆ ನಮ್ಮ ಜನ ಎರಡು ಆಫೀಸಿನ ಮಧ್ಯೆ ಅಲೆದು ಸುಸ್ತಾಗಿ ಸುಮ್ಮನಾಗ್ತಾರೆ.

ಇದರ ಮೇಲೆ ಇನ್ನೊಂದು ಸಮಸ್ಯೆ. 2019ರ ಡಿಸೆಂಬರಿನಲ್ಲಿ ಆರಿಸಿಬಂದ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅವಧಿ 2025ರ ಜನವರಿ 5ಕ್ಕೆ ಮುಗಿಯಿತು. ಅಧಿಕಾರ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು. ಮನೆ ಬಾಗಿಲಿಗೆ ಹೋಗಿ "ಅಣ್ಣಾ, ಸ್ಕೂಲಿನ ಕಕ್ಕಸಿಗೆ ಬಾಗಿಲಿಲ್ಲ" ಅಂತ ಹೇಳೋಕೆ ವಾರ್ಡ್ ಮೆಂಬರ್ರೂ ಇಲ್ಲ, ಕೌನ್ಸಿಲರ್ರೂ ಇಲ್ಲ ಅನ್ನೋ ಪರಿಸ್ಥಿತಿ ಬಂತು.

ಆದ್ರೆ ಚುನಾಯಿತ ಸದಸ್ಯರಿಲ್ಲದಾಗಲೂ ಬಾಗಿಲು ಹಾಕದ ಒಂದು ಜಾಗ ಇದೆ. ಅದು ಸ್ಕೂಲ್ ಮ್ಯಾನೇಜ್‌ಮೆಂಟ್ ಕಮಿಟಿ, ಎಸ್.ಎಂ.ಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಇದರಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಂದೆ ತಾಯಂದಿರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸ್ಕೂಲು ಹೇಗೆ ನಡೀತಿದೆ ಅಂತ ನೋಡೋದು, ಅಭಿವೃದ್ಧಿ ಯೋಜನೆ ಬರೆಯೋದು, ಬಂದ ದುಡ್ಡು ಎಲ್ಲಿ ಖರ್ಚಾಯ್ತು ಅಂತ ಕೇಳೋದು, ಈ ಮೂರೂ ಈ ಕಮಿಟಿಯ ಕೆಲಸ. ತಮಿಳುನಾಡಿನಲ್ಲಿ 2022ರಲ್ಲೂ 2024ರಲ್ಲೂ ಕಮಿಟಿಗಳ ಮರುರಚನೆ ಆಯ್ತು. 2024ರಲ್ಲಿ ಹಳೆ ವಿದ್ಯಾರ್ಥಿಗಳಿಗೂ ಜಾಗ ಸಿಕ್ಕಿತು. ಅಂದ್ರೆ ಮದುವೆಯಾಗಿ ಮಗು ಆಗೋವರೆಗೂ ಕಾಯಬೇಕಾಗಿಲ್ಲ. ಆ ಸ್ಕೂಲಲ್ಲಿ ಓದಿದ ನೀವೂ ಅಲ್ಲಿ ಕೂರಬಹುದು.

ದುಡ್ಡಿನ ಲೆಕ್ಕ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಸರ್ಕಾರಿ ಸ್ಕೂಲಿಗೂ ವರ್ಷಕ್ಕೊಂದು ಅನುದಾನ ಉಂಟು. ಚಾಕ್‌ಪೀಸು, ಸಣ್ಣ ರಿಪೇರಿ, ಕರೆಂಟು, ಶುಚಿತ್ವ ಎಲ್ಲ ಇದರಲ್ಲೇ ಆಗಬೇಕು. ಇದನ್ನು ಲೆಕ್ಕ ಹಾಕೋದು ಮಕ್ಕಳ ತಲೆ ಎಣಿಸಿ. 30 ಮಕ್ಕಳವರೆಗೆ 10,000 ರೂಪಾಯಿ. ಅದಕ್ಕಿಂತ ಹೆಚ್ಚು 100ರವರೆಗೆ 25,000. 250ರವರೆಗೆ 50,000. 1,000ದವರೆಗೆ 75,000. ಅದಕ್ಕೂ ಮೇಲಾದ್ರೆ ಒಂದು ಲಕ್ಷ.

ಈ ಲೆಕ್ಕವನ್ನ ಸ್ವಲ್ಪ ನಿಧಾನವಾಗಿ ನೋಡಿ. 32 ಮಕ್ಕಳಿರೋ ಸ್ಕೂಲಿಂದ ಮೂರು ಮಕ್ಕಳು ವ್ಯಾನ್ ಹತ್ತಿ ಪ್ರೈವೇಟ್ ಸ್ಕೂಲಿಗೆ ಹೋದ್ರೆ, ಮುಂದಿನ ವರ್ಷದ ಅನುದಾನದಲ್ಲಿ 15,000 ಕಡಿಮೆ. ಆದ್ರೆ ಸ್ಕೂಲಿನ ಓಡೇನೂ ಕಡಿಮೆ ಆಗಲ್ಲ, ಕರೆಂಟ್ ಬಿಲ್ಲೂ ಕಡಿಮೆ ಆಗಲ್ಲ. ದುಡ್ಡು ಕಡಿಮೆಯಾದ್ರೆ ಸ್ಕೂಲು ಹಾಳು ಬೀಳುತ್ತೆ, ಹಾಳು ಬಿದ್ದ ಸ್ಕೂಲು ನೋಡಿ ಇನ್ನೂ ನಾಲ್ಕು ಮನೆಯವರು ಮಗುವನ್ನ ತೆಗೀತಾರೆ. ಸಣ್ಣ ಸ್ಕೂಲು ಸಾಯೋದು ಹೀಗೆ. ಯಾರೂ ಮುಚ್ಚಿ ಅಂತ ಆರ್ಡರ್ ಹಾಕಬೇಕಾಗಿಲ್ಲ.

ಮೇಲಿನವರ ಜಗಳವೂ ಇದಕ್ಕೆ ಸೇರಿಕೊಂಡಿತು. ಸಮಗ್ರ ಶಿಕ್ಷಾದ ದುಡ್ಡಿನಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಪಿಎಂ ಶ್ರೀ ಒಪ್ಪಂದಕ್ಕೆ ರಾಜ್ಯ ಸಹಿ ಹಾಕಲಿಲ್ಲ ಅಂತ 2024-25ರಲ್ಲಿ ತಮಿಳುನಾಡಿಗೆ ಬರಬೇಕಾದ ಸುಮಾರು 2,152 ಕೋಟಿ ರೂಪಾಯಿಯನ್ನ ಕೇಂದ್ರ ತಡೆಹಿಡಿಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರೀಯ ಶಿಕ್ಷಣ ನೀತಿ ಸರಿಯೋ ತಪ್ಪೋ ಅನ್ನೋ ವಾದ ಒಂದು ಕಡೆ ಇರಲಿ. ಭಾಷೆಯ ಹೆಸರಲ್ಲಿ ದಿಲ್ಲಿ ಚೆನ್ನೈ ಜಗಳ ಆಡುವಾಗ ಸಣ್ಣ ಭಾಷೆಯ ಮಗುವಿನ ಸ್ಕೂಲಿಗೂ ಅದೇ ಪೆಟ್ಟು ಬೀಳುತ್ತೆ. ಆ ಮಗುವಿನ ಪರವಾಗಿ ಮಾತಾಡೋರು ಎರಡೂ ಕಡೆ ಕಾಣಿಸಲ್ಲ.

ಕಲಿಕೆ

ಮೇಷ್ಟ್ರ ಲೆಕ್ಕವೂ ತಲೆ ಎಣಿಸಿಯೇ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ ಇಬ್ಬರು ಮೇಷ್ಟ್ರು. 61 ಆದ್ರೆ ಮೂವರು, 91 ಆದ್ರೆ ನಾಲ್ವರು. ಇಬ್ಬರು ಅಂದ್ರೆ ಐದು ಕ್ಲಾಸನ್ನ ಇಬ್ಬರೇ ಹಂಚಿಕೊಂಡು ಪಾಠ ಮಾಡಬೇಕು. ಒಬ್ಬರು ಮೀಟಿಂಗಿಗೋ ಟ್ರೇನಿಂಗಿಗೋ ಹೋದ ದಿನ ಐದೂ ಕ್ಲಾಸು ಒಬ್ಬರ ತಲೆ ಮೇಲೆ. ಇಂಥ ಕಡೆ ಮಗು ಓದೋಕೆ ಕಲೀಲಿಲ್ಲ ಅಂದ್ರೆ ಮೇಷ್ಟ್ರನ್ನ ಬೈದು ಪ್ರಯೋಜನ ಇಲ್ಲ.

ಮಗು ಎಷ್ಟು ಕಲಿತಿದೆ ಅಂತ ತಿಳಿಯೋಕೆ ದೊಡ್ಡ ಸಂಶೋಧನೆ ಬೇಡ. ದೇಶದಾದ್ಯಂತ ಹಳ್ಳಿಗಳಲ್ಲಿ ನಡೆಯೋ ಅಸರ್ ಸಮೀಕ್ಷೆ ಮಾಡೋದು ಇಷ್ಟೇ: ಅಕ್ಷರ, ಪದ, ಒಂದನೇ ಕ್ಲಾಸಿನ ನಾಲ್ಕು ಸಾಲು, ಎರಡನೇ ಕ್ಲಾಸಿನ ಒಂದು ಸಣ್ಣ ಕಥೆ. ಮಗು ಎಲ್ಲಿವರೆಗೆ ಓದುತ್ತೆ ಅಂತ ಗುರುತು ಹಾಕೋದು. ಆಮೇಲೆ ಎರಡಂಕಿಯ ಕಳೆಯೋ ಲೆಕ್ಕ, ಭಾಗಾಕಾರ. ಭಾನುವಾರ ಬೆಳಿಗ್ಗೆ ನಿಮ್ಮ ಬೀದಿಯ ಹತ್ತು ಮಕ್ಕಳನ್ನ ಕೂರಿಸಿ ನೀವೇ ನೋಡಬಹುದು. ಆ ಕಾಗದ ಹಿಡ್ಕೊಂಡು ಎಸ್.ಎಂ.ಸಿ. ಸಭೆಗೆ ಹೋದ್ರೆ ನಿಮ್ಮ ಮಾತಿಗೆ ತೂಕ ಬರುತ್ತೆ.

ಇದರಲ್ಲಿ ಕನ್ನಡ ಎಲ್ಲಿ ಬಂತು?

ಈ ಜಿಲ್ಲೆಯಲ್ಲಿ ಕನ್ನಡ ಹೊರಗಿಂದ ಬಂದ ನೆಂಟ ಅಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕೇ ಕೊಯಮತ್ತೂರು ಜಿಲ್ಲೆಯೊಳಗಿತ್ತು. ಅವತ್ತು ಕೊಳ್ಳೇಗಾಲ ಮೈಸೂರಿಗೆ ಹೋಯಿತು. ನೇಕಾರ ದೇವಾಂಗರು, ಒಕ್ಕಲು ಮಾಡೋ ಗೌಡರು, ಹೀಗೆ ಇಲ್ಲೇ ಉಳಿದ ಕನ್ನಡದ ಮನೆಗಳು ಅಲ್ಪಸಂಖ್ಯಾತರಾದವು. ಅದೇ ದಿನ ಜಾರಿಗೆ ಬಂದ ಏಳನೇ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿ ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯೋ ಸೌಕರ್ಯ ಕೊಡೋಕೆ ಪ್ರತಿ ರಾಜ್ಯವೂ ಪ್ರಯತ್ನಿಸಬೇಕು.

ಸೌಕರ್ಯ ಯಾವಾಗ ಕೊಡಬೇಕು ಅನ್ನೋದಕ್ಕೆ ಅಳತೆಗೋಲು ಅದಕ್ಕೂ ಮೊದಲೇ ಇತ್ತು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ ಇದು: ಇಡೀ ಸ್ಕೂಲಿನಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ಕ್ಲಾಸಿನಲ್ಲಿ 10 ಮಕ್ಕಳು ಇದ್ದರೆ ಒಬ್ಬ ಮೇಷ್ಟ್ರನ್ನಾದರೂ ಕೊಡಬೇಕು.

ನಲವತ್ತು, ಹತ್ತು. ಈ ಎರಡು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಒಟ್ಟು 28 ಮಕ್ಕಳಿರೋ ಸ್ಕೂಲಿನಲ್ಲಿ ಒಂದು ಕ್ಲಾಸಿಗೆ 10 ಕನ್ನಡದ ಮಕ್ಕಳನ್ನ ಎಲ್ಲಿಂದ ತರೋದು? ಸ್ಕೂಲು ಸೊರಗಿದ್ರೆ ದುಡ್ಡು ಹೋಯ್ತು, ಮೇಷ್ಟ್ರು ಹೋದ್ರು, ಜೊತೆಗೆ ಕನ್ನಡ ಕೇಳೋ ಅಳತೆಯೂ ಹೋಯ್ತು.

2006ರ ತಮಿಳು ಕಲಿಕೆ ಕಾಯ್ದೆಯಲ್ಲೂ ನಮಗೊಂದು ಕಿಂಡಿ ಇದೆ. ಭಾಗ ಒಂದು ತಮಿಳು, ಭಾಗ ಎರಡು ಇಂಗ್ಲಿಷ್, ಭಾಗ ಮೂರು ಉಳಿದ ವಿಷಯಗಳು. ಭಾಗ ನಾಲ್ಕರಲ್ಲಿ ಮಗು ಬೇಕಾದ್ರೆ ತನ್ನ ತಾಯ್ನುಡಿ ಓದಬಹುದು. ಹತ್ತನೇ ಕ್ಲಾಸಿನ ತಮಿಳು ಪರೀಕ್ಷೆಯಿಂದ ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು ಕೋರ್ಟು ಹತ್ತಿದ್ರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನ ಇನ್ನೊಂದು ವರ್ಷಕ್ಕೆ ಮುಂದುವರಿಸಿತು. ಆದ್ರೆ ವಿನಾಯಿತಿಯಿಂದ ಪ್ರಯೋಜನ ಆಗೋದು ಕನ್ನಡ ಓದಿದ ಮಗುವಿಗೆ. ಮದುಕ್ಕರೈ ಕಡೆಯ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದೋದೇ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ. ಇವರಿಗೆ ಬೇಕಾದ್ದು ಆ ನಾಲ್ಕನೇ ಭಾಗದ ಕಿಂಡಿ. ಅದು ತೆರೀಬೇಕಾದ್ರೆ ಮೇಷ್ಟ್ರು ಬೇಕು, ಮೇಷ್ಟ್ರಿಗೆ ಹುದ್ದೆ ಬೇಕು, ಹುದ್ದೆಗೆ ಸಂಖ್ಯೆ ಬೇಕು, ಸಂಖ್ಯೆಗೆ ಹಾಜರಿ ಪುಸ್ತಕದಲ್ಲಿ ಹೆಸರು ಬೇಕು.

"ತಮಿಳು ಬಿಟ್ಟು ಬದುಕೋದು ಹೇಗೆ?"

ಈ ಪ್ರಶ್ನೆ ಮನೆಯಲ್ಲೇ ಏಳುತ್ತೆ, ಅದು ನ್ಯಾಯವಾದದ್ದೇ. ಟಿ.ಎನ್.ಪಿ.ಎಸ್.ಸಿ. ಪರೀಕ್ಷೆಗೆ ತಮಿಳು ಪತ್ರಿಕೆ ಪಾಸಾಗಲೇಬೇಕು. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರಿ ಕೆಲಸದಲ್ಲಿ ನೂರಕ್ಕೆ 20 ಮೀಸಲಾತಿ ಇದೆ. ಹಾಗಾಗಿ ಯಾವ ಮಗುವಿಗೂ ತಮಿಳು ಬೇಡ ಅಂತ ನಾವು ಹೇಳಲ್ಲ. ಅದು ಬೀದಿಯ ಭಾಷೆ, ಗೆಳೆಯರ ಭಾಷೆ, ಅನ್ನದ ಭಾಷೆ. ತಮಿಳು ಕಲಿಯೋ ಮಗುವಿಗೆ ವಾರದಲ್ಲಿ ನಾಲ್ಕು ಪೀರಿಯಡ್ಡು ಕನ್ನಡ ಅಕ್ಷರವನ್ನೂ ಕಲಿಸಿ ಅನ್ನೋದಷ್ಟೇ ನಮ್ಮ ಬೇಡಿಕೆ. ಅಜ್ಜಿಯ ಮಾತು ಮಾತಾಗಿಯೇ ಉಳಿದು ಬರಹ ಇಲ್ಲದೆ ಹೋದ್ರೆ, ಎರಡು ತಲೆಮಾರಿನಲ್ಲಿ ಮಾತೂ ನಿಲ್ಲುತ್ತೆ.

ಈರೋಡ್ ಜಿಲ್ಲೆಯ ತಾಳವಾಡಿಯಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಸ್ಕೂಲುಗಳಿವೆ. ಕಾಸರಗೋಡಿನಲ್ಲೂ ಇವೆ. ಅಲ್ಲಿನವರು ನಮಗಿಂತ ದೊಡ್ಡ ಅಭಿಮಾನಿಗಳು ಅಂತಲ್ಲ. ಅಲ್ಲಿ ಮಕ್ಕಳು ಒಂದೇ ಕಡೆ ಗುಂಪಾಗಿ ಎಣಿಕೆಗೆ ಸಿಗ್ತಾರೆ. ನಾವು ಚದುರಿದ್ದೇವೆ, ಹಾಗಾಗಿ ನಾವೇ ಎಣಿಸಿ ತೋರಿಸಬೇಕು.

ಈಗ ಮಾಡಬೇಕಾದ್ದು

ಒಂದು: ಯುಡೈಸ್ ಪ್ಲಸ್ ನಮೂನೆಯಲ್ಲಿ ಪ್ರತಿ ಮಗುವಿನ ತಾಯ್ನುಡಿಗೆ ಒಂದು ಕಾಲಂ ಇದೆ. ನಿಮ್ಮ ತಮ್ಮ, ತಂಗಿ, ಅಕ್ಕನ ಮಗುವಿನ ಹೆಸರ ಮುಂದೆ ಅಲ್ಲಿ ಏನು ಬರೆದಿದೆ? ಹೆಚ್.ಎಂ. ಹತ್ರ ಹೋಗಿ ವಿನಯವಾಗಿ ಕೇಳಿ. ತಪ್ಪಿದ್ರೆ ತಿದ್ದಿಸಿ. 2027ರ ಜನಗಣತಿಯಲ್ಲೂ ಮನೆಯವರು ತಾಯ್ನುಡಿ ಕನ್ನಡ ಅಂತಲೇ ಹೇಳಲಿ.

ಎರಡು: ನಿಮ್ಮ ಸ್ಕೂಲಿನ ಎಸ್.ಎಂ.ಸಿ. ಸದಸ್ಯರು ಯಾರು ಅಂತ ತಿಳ್ಕೊಳ್ಳಿ. ಕನ್ನಡದ ಮನೆಯ ಒಬ್ಬ ತಾಯಿಯಾದರೂ ಅದರಲ್ಲಿದ್ದಾರಾ? ಮುಂದಿನ ಮರುರಚನೆಯ ಹೊತ್ತಿಗೆ ಹೆಸರು ಸಿದ್ಧ ಇರಲಿ, ಹಳೆ ವಿದ್ಯಾರ್ಥಿಯಾಗಿ ನಿಮ್ಮದೂ.

ಮೂರು: ಅನುದಾನ ಎಷ್ಟು ಬಂತು, ಎಲ್ಲಿ ಖರ್ಚಾಯ್ತು? ಮೊದಲು ಸಭೆಯಲ್ಲಿ ಕೇಳಿ. ಉತ್ತರ ಬರದಿದ್ರೆ 10 ರೂಪಾಯಿಯ ಆರ್.ಟಿ.ಐ. ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಮೇಷ್ಟ್ರನ್ನ ಕಟಕಟೆಗೆ ನಿಲ್ಲಿಸೋ ದನಿಯಲ್ಲಿ ಮಾತ್ರ ಬೇಡ. ಅವರು ನಮ್ಮ ಜೊತೆ ಇದ್ರೇನೇ ಕೆಲಸ ಆಗೋದು.

ನಾಲ್ಕು: ಶಿಕ್ಷಕ ತರಬೇತಿ ಓದ್ತಿರೋರು ಗಮನಿಸಿ. ತಮಿಳುನಾಡಿನ ಟಿ.ಇ.ಟಿ.ಯಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ನಾಳೆ ಹುದ್ದೆ ಬಂದಾಗ ಅರ್ಹರೇ ಇಲ್ಲ ಅಂತ ಆಗಬಾರದು.

ಐದು: ಅಕ್ಕಪಕ್ಕದ ಊರಿನ ಕನ್ನಡದ ಮನೆಗಳ ಪಟ್ಟಿ ಒಟ್ಟಿಗೆ ಮಾಡಿ. ಒಂದು ಸ್ಕೂಲಿನಲ್ಲಿ ಹತ್ತು ಆಗದಿದ್ರೆ ಮೂರು ಸ್ಕೂಲು ಸೇರಿ ಆಗಬಹುದು. ವಾರಕ್ಕೆರಡು ದಿನ ಒಬ್ಬರೇ ಮೇಷ್ಟ್ರು ಬಂದು ಹೋಗೋ ಏರ್ಪಾಡನ್ನ ಬರವಣಿಗೆಯಲ್ಲಿ ಕೇಳಿ.

ಕೊನೆಗೆ ದಿನಾಂಕದ ವಿಷಯ. 2022ರಿಂದ ತಮಿಳುನಾಡು ನವೆಂಬರ್ 1ನ್ನ ಸ್ಥಳೀಯಾಡಳಿತ ದಿನವಾಗಿ ಆಚರಿಸಿ, ಆವತ್ತು ಗ್ರಾಮಸಭೆ ಕರೀತಿದೆ. ನಮಗೆ ಅದು ರಾಜ್ಯೋತ್ಸವ. ಬೆಳಿಗ್ಗೆ ಬಾವುಟಕ್ಕೆ ಕೈ ಮುಗಿದು, ಮಕ್ಕಳ ಪಟ್ಟಿ ಜೇಬಿಗೆ ಹಾಕ್ಕೊಂಡು ಗ್ರಾಮಸಭೆಗೆ ಹೋಗಿ. ತಮಿಳಲ್ಲೇ ಎದ್ದು ನಿಂತು ಕೇಳಿ: ನಮ್ಮ ಊರಿನ ಸ್ಕೂಲಿಗೆ ಇನ್ನೊಬ್ಬರು ಮೇಷ್ಟ್ರು ಬೇಕು, ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬೇಕು, ಇದನ್ನ ನಿರ್ಣಯದ ಪುಸ್ತಕದಲ್ಲಿ ಬರೀರಿ. ಬರೆದು ಸಹಿ ಆಗೋವರೆಗೂ ಅಲ್ಲಿಂದ ಏಳಬೇಡಿ.