ನೆರೆ ಇಳಿದ ಮೇಲೆ ಮನೆಯ ಬಾಗಿಲು

2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಪಂಚಗಂಗೆ ಉಕ್ಕಿ ಕೊಲ್ಹಾಪುರ, ಇಚಲಕರಂಜಿಗಳ ತಗ್ಗಿನ ಓಣಿಗಳಲ್ಲಿ ಮನೆಗಳನ್ನು ಹೊಕ್ಕಿತು. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ಸೀಮೆಗೂ ಮಳೆಗಾಲದ ಈ ಭಯ ಹೊಸತಲ್ಲ. ನೀರು ಇಳಿದು ಮನೆಗೆ ಮರಳಿದವರನ್ನು ಮೊದಲು ತಡೆಯುವುದು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಬಾಗಿಲು. ಕೂಡಲೇ ಬಡಿಗನನ್ನು ಕರೆಸಿ ಅಂಚು ಕೀಸಿಸುವುದು ವಾಡಿಕೆ. ಬೇಸಿಗೆಯಲ್ಲಿ ಅದೇ ಬಾಗಿಲು ಕುಗ್ಗಿ ಸಂದು ಬಿಡುತ್ತದೆ, ಚಿಲಕ ಕೂಡುವುದಿಲ್ಲ.

ಇದರ ಕಾರಣ ಮಕ್ಕಳ ವಿಜ್ಞಾನ ಪಾಠದಲ್ಲಿಯೇ ಇದೆ. ಬೇರಿನಿಂದ ಎಲೆಗೆ ನೀರು ಸಾಗಿಸಿದ ಸೂಕ್ಷ್ಮ ನಾಳಗಳೇ ಕಟ್ಟಿಗೆಯಾಗಿ ಉಳಿದಿರುತ್ತವೆ. ಅವುಗಳ ಗೋಡೆ ನೀರು ಹೀರಿ ದಪ್ಪವಾಗುತ್ತದೆ. ಆದ್ದರಿಂದ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಒಣ ತೂಕದ ಶೇಕಡಾ 25ರಿಂದ 30ರಷ್ಟು ತೇವ ಸೇರುವವರೆಗೆ ಮಾತ್ರ ಈ ಹಿಗ್ಗು. ಒಣಗಿದಂತೆ ಅದು ಇಳಿಯುತ್ತದೆ. ಉಬ್ಬಿದ ಬಾಗಿಲು ಕೆಟ್ಟ ಬಾಗಿಲಲ್ಲ. ಕೆಡುವುದು ತೇವ ಬಹುಕಾಲ ನಿಂತಾಗ: ಶೇಕಡಾ 20ಕ್ಕಿಂತ ಕಡಿಮೆ ತೇವವಿರುವ ಕಟ್ಟಿಗೆಯಲ್ಲಿ ಕೊಳೆಸುವ ಶಿಲೀಂಧ್ರ ಬೆಳೆಯಲಾರದು.

ಆದಕಾರಣ ಮೊದಲ ಉಪಚಾರ ತಾಳ್ಮೆ. ಬಾಗಿಲನ್ನು ಬಿಜಾಗರಿಯಿಂದ ಬಿಡಿಸಿ, ಕೆಸರು ತೊಳೆದು, ಸಮನಾದ ಪಟ್ಟಿಗಳ ಮೇಲೆ ಮಲಗಿಸಿ, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಿಸಬೇಕು. ಸುಡುಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ, ಒಳಗೆ ಹಸಿ ಉಳಿದು, ಹಲಗೆ ಸೀಳುತ್ತದೆ. ಒಣಗಿದ ಮೇಲೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿದರೆ ಹುಳು, ಶಿಲೀಂಧ್ರಗಳಿಗೆ ತಡೆಯಾಗುತ್ತದೆ. ಈ ದ್ರಾವಣ ನೀರಿನಲ್ಲಿ ತೊಳೆದುಹೋಗುವಂಥದು. ಮೇಲೆ ಬಣ್ಣ ಅಥವಾ ವಾರ್ನಿಶ್ ಅವಶ್ಯ. ಕೀಸುವ ಕೆಲಸ ಬೇಕಾದರೆ ಒಣಗಿದ ನಂತರ, ಬಣ್ಣಕ್ಕೆ ಮೊದಲು.

ಹೊಸ ಬಾಗಿಲು ಕೊಳ್ಳುವವರು ಹೆಸರಿಗೆ ಮರುಳಾಗಬಾರದು. ಸಾಗವಾನಿ ಬಾಳುವುದು ಅದರ ಕಂದು ಬಣ್ಣದ ಒಳಗಟ್ಟಿಯಿಂದ. ತೊಗಟೆಗೆ ಹತ್ತಿದ ಬಿಳಿ ಭಾಗ ಸಾಗವಾನಿಯದೇ ಆದರೂ ಹುಳು ಹಿಡಿಯುತ್ತದೆ. ಬಣ್ಣ ಹಚ್ಚಿದ ಮೇಲೆ ಈ ಭೇದ ಕಾಣದು. ಬಣ್ಣಕ್ಕೆ ಮೊದಲೇ ನೋಡಬೇಕು. ಮಾವಿನ ಹಲಗೆ ಅಗ್ಗವಾದರೂ ಸಂಸ್ಕರಿಸದೆ ಬಾಳದು. ಪ್ಲೈವುಡ್ ಆದರೆ ನೀರಿನ ಭಯವಿರುವಲ್ಲಿ ಐ.ಎಸ್. 710 ಗುರುತಿನದನ್ನು ಆರಿಸುವುದು ಯುಕ್ತ.

ಕೊನೆಯದು ಕಾಗದದ ಮಾತು. ಮರದ ಜಾತಿ, ಅಳತೆ, ದರ್ಜೆಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಬರಿದೆ 'ಬಾಗಿಲು, ಒಂದು' ಎಂದಿರುವ ಚೀಟಿಯಿಂದ ವಂಚನೆಯನ್ನು ಸಾಧಿಸುವುದು ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೆರೆಯ ಭಯವಿರುವ ಮನೆಗಳಲ್ಲಿ ಆ ಬಿಲ್ಲು ಮಕ್ಕಳ ಶಾಲಾ ದಾಖಲೆಗಳೊಡನೆ ಎತ್ತರದ ಕಪಾಟಿನಲ್ಲಿರಲಿ.